ಸನ್‌ಸ್ಕ್ರೀನ್ ಬಾಳಿಕೆ: ಟ್ಯೂಬ್, ಪಂಪ್, ಸ್ಟಿಕ್, ಸ್ಪ್ರೇಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು?

ಎಸ್‌ಪಿಎಫ್ (ಬಿಸಿಲಿನ ಉರಿ ತಡೆಯುವ ಶಕ್ತಿಯ ಅಳತೆ) ಎಷ್ಟು, ಮುಖಕ್ಕೆ ಬಿಳಿ ಪದರ ಕೂರುತ್ತದಾ, ಬೆವರಿದರೆ ಕಣ್ಣು ಉರಿಯುತ್ತದಾ ಎಂದು ಹೇಳುವ ರಿವ್ಯೂಗಳು ಬೇಕಾದಷ್ಟಿವೆ. ಇಲ್ಲಿ ತೂಗಿ ನೋಡಿರುವುದು ಪ್ಯಾಕನ್ನು. ಒಳಗಿನ ಕ್ರೀಮ್ ಎಷ್ಟೇ ಒಳ್ಳೆಯದಿರಲಿ, ಗಾಳಿ, ನೀರು, ಬಿಸಿ ತಾಗುತ್ತಿದ್ದರೆ ಮೇಲೆ ಬರೆದ ಡೇಟಿಗೆ ಮುಂಚೆಯೇ ಕೆಡುತ್ತದೆ.

ಡೇಟಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಸನ್‌ಸ್ಕ್ರೀನ್ ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ. ಬ್ಯಾಚ್ ನಂಬರಿನ ಜೊತೆ ಯಾವ ತಿಂಗಳು, ಯಾವ ವರ್ಷದೊಳಗೆ ಬಳಸಬೇಕೆಂದು ಅಚ್ಚಾಗಿರಲೇಬೇಕು. ಹೆಚ್ಚಿನವಕ್ಕೆ ತಯಾರಾದಲ್ಲಿಂದ 24 ಅಥವಾ 36 ತಿಂಗಳು. ಅಮೆರಿಕದಿಂದ ನೆಂಟರು ತಂದುಕೊಟ್ಟ ಟ್ಯೂಬಿನ ಮೇಲೆ ಡೇಟೇ ಇಲ್ಲದಿದ್ದರೆ ನಕಲಿ ಎಂದುಕೊಳ್ಳಬೇಡಿ. 3 ವರ್ಷ ಕೆಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಸಾಬೀತಾದ ಸನ್‌ಸ್ಕ್ರೀನಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಕ್ಸ್‌ಪೈರಿ ಡೇಟ್ ಕಡ್ಡಾಯ ಮಾಡಿಲ್ಲ. ಅಂಥದ್ದರ ಮೇಲೆ ಕೊಂಡ ತಿಂಗಳನ್ನು ಮಾರ್ಕರಿನಲ್ಲಿ ಬರೆದಿಟ್ಟು, 3 ವರ್ಷ ಕಳೆದರೆ ಎಸೆಯಬೇಕು. ಯುರೋಪಿನ ಪ್ಯಾಕಿನಲ್ಲಿ ಮುಚ್ಚಳ ತೆರೆದ ಡಬ್ಬಿಯ ಚಿತ್ರವಿದ್ದು ‘12 ಎಂ’ ಎಂದಿದ್ದರೆ, ತೆರೆದ ಮೇಲೆ 12 ತಿಂಗಳು ಎಂದರ್ಥ. ಕೊರಿಯಾದ ಟ್ಯೂಬುಗಳಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರುತ್ತದೆ. ಅದು ತಯಾರಾದ ದಿನವೂ ಆಗಿರಬಹುದು, ಮುಗಿಯುವ ದಿನವೂ ಆಗಿರಬಹುದು. ಆಮದು ಮಾಡಿದವರ ಸ್ಟಿಕ್ಕರಿನ ಜೊತೆ ತಾಳೆ ನೋಡಿ.

ನಮ್ಮ ಮೊದಲ ಆಯ್ಕೆ ಏರ್‌ಲೆಸ್ ಪಂಪ್. ಒತ್ತಿದಂತೆಲ್ಲ ತಳದ ತಟ್ಟೆ ಮೇಲೇರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ, ಬೆರಳೂ ತಾಗುವುದಿಲ್ಲ. ಬೆಲೆ ಜಾಸ್ತಿ, ಎಷ್ಟು ಉಳಿದಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅಷ್ಟು ಸಹಿಸಬಹುದು.

ಕಿರಿದಾದ ಬಾಯಿಯ ಟ್ಯೂಬ್ ಎರಡನೆಯದು, ಕೊಟ್ಟ ಕಾಸಿಗೆ ಮೋಸವಿಲ್ಲ. ಅದುಮಿ ಕೈ ಬಿಟ್ಟಾಗ ಅದು ಗಾಳಿ ಎಳೆದುಕೊಳ್ಳುತ್ತದೆ. ಆದ್ದರಿಂದ ಬುಡದಿಂದ ಸುರುಳಿ ಸುತ್ತುತ್ತ ಬನ್ನಿ, ಬಾಯಿಗಂಟಿದ ಕ್ರೀಮ್ ಒರೆಸಿ ಮುಚ್ಚಿ. ಇದರಲ್ಲೊಂದು ತೊಡಕಿದೆ. ಡೇಟ್ ಅಚ್ಚಾಗಿರುವುದು ಸಾಮಾನ್ಯವಾಗಿ ಬುಡದ ಚಪ್ಪಟೆ ಅಂಚಿನಲ್ಲಿ. ಕೊನೆಯ ಎರಡು ಗ್ರಾಂ ತೆಗೆಯಲು ಕತ್ತರಿ ಹಾಕುವುದೂ ಅಲ್ಲಿಗೇ! ಅಂಚಿನ ಜೊತೆ ಡೇಟೂ, ಬ್ಯಾಚ್ ನಂಬರೂ ಕಸದ ಬುಟ್ಟಿಗೆ. ಕತ್ತರಿಸುವುದಾದರೆ ನಡುವೆ ಕತ್ತರಿಸಿ, ಒಂದು ಭಾಗವನ್ನು ಇನ್ನೊಂದರೊಳಗೆ ಸೇರಿಸಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಸ್ಟಿಕ್ ಬ್ಯಾಗಿನಲ್ಲಿ ಚೆಲ್ಲುವುದಿಲ್ಲ, ಮಕ್ಕಳ ಕೈಗೂ ಕೊಡಬಹುದು. ಆದರೆ ಮೇಣದ ಸರಕು. ಬಿಸಿಗೆ ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಹನಿಹನಿ ಎಣ್ಣೆ ಕಾಣುತ್ತದೆ. ಅಗಲ ಬಾಯಿಯ ಡಬ್ಬಿ ಬೇಡವೇ ಬೇಡ: ಪ್ರತಿ ಸಲ ಬೆರಳಿನ ನೀರು, ಬೆವರು ಒಳಗೆ ಸೇರುತ್ತದೆ, ಪ್ರಿಸರ್ವೇಟಿವ್ ಎಷ್ಟೆಂದು ತಡೆದೀತು? ಒತ್ತಡದಲ್ಲಿ ಗ್ಯಾಸ್ ತುಂಬಿದ ಏರೋಸಾಲ್ ಸ್ಪ್ರೇಯ ಕ್ಯಾನ್ 50 ಡಿಗ್ರಿಗಿಂತ ಮೇಲೆ ಅಪಾಯ, ಬೆಂಕಿಯ ಹತ್ತಿರವಂತೂ ಸಲ್ಲದು.

ಇಡುವ ಜಾಗದಲ್ಲಿ ಎಡವುವವರೇ ಹೆಚ್ಚು. ಸ್ಕೂಟರಿನ ಡಿಕ್ಕಿ ಅತಿ ಕೆಟ್ಟ ಜಾಗ: ಕೆಳಗೆ ಇಂಜಿನ್, ಮೇಲೆ ಬಿಸಿಲಿಗೆ ಕಾದ ಸೀಟು. ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಬಿಸಿಲಿನಲ್ಲಿ 70 ಡಿಗ್ರಿ ಮುಟ್ಟಬಲ್ಲದು. ಸನ್‌ಸ್ಕ್ರೀನ್ ಎಂದರೆ ಎಣ್ಣೆ ಮತ್ತು ನೀರನ್ನು ಹಿಡಿದಿಟ್ಟ ಮಿಶ್ರಣ. ಬಿಸಿಗೆ ಆ ಹಿಡಿತ ಸಡಿಲಿ ಒಡೆದ ಹಾಲಿನಂತಾಗುತ್ತದೆ. ಬಿಸಿಲು ತಡೆಯುವ ಅಂಶ ಒಂದೆಡೆ ಗುಪ್ಪೆಯಾಗಿ, ಇನ್ನೊಂದೆಡೆ ಇಲ್ಲವೇ ಇಲ್ಲ. ಬಿಸಿಲು ತಡೆಯುವ ಖನಿಜ ಪುಡಿಯಾದ ಜಿಂಕ್ ಆಕ್ಸೈಡ್ ಇರುವುದಕ್ಕೂ ಇದರಿಂದ ರಿಯಾಯಿತಿ ಇಲ್ಲ. ಜಿಂಕ್ ಕೆಡದಿದ್ದರೂ ಹರಡುವಿಕೆ ಕೆಡುತ್ತದೆ. ಬಿಸಿಲು ತಡೆಯುವ ರಾಸಾಯನಿಕವಾದ ಆಕ್ಟೋಕ್ರೈಲೀನ್ ಇರುವವು ಹಳತಾದಂತೆ ಅದು ಒಡೆದು, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಬೆಂಜೋಫಿನೋನ್ ಹೆಚ್ಚಾಗುತ್ತದೆ ಎಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಹಳೇ ಸ್ಟಾಕನ್ನು ಮುಗಿಸುವ ಹಟ ಬೇಡ ಎನ್ನಲು ಅದೂ ಒಂದು ಕಾರಣ.

ಬಚ್ಚಲುಮನೆಯ ಶೆಲ್ಫು, ಕಿಟಕಿಯ ಅಂಚು ಎರಡೂ ಬಿಡಿ. ಬೀರುವಿನೊಳಗೆ 30 ಡಿಗ್ರಿಗಿಂತ ಕೆಳಗಿದ್ದರೆ ಸಾಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮನೆಯೊಳಗೇ ಅದು ಕಷ್ಟ. ಆಗ ಫ್ರಿಜ್ಜಿನ ಬಾಗಿಲಲ್ಲಿ ಇಡಬಹುದು. ಫ್ರೀಜರಿನಲ್ಲಿ ಮಾತ್ರ ಬೇಡ, ಹೆಪ್ಪುಗಟ್ಟಿ ಕರಗಿದರೂ ಮಿಶ್ರಣ ಒಡೆಯುತ್ತದೆ.

ಅನುಮಾನ ಬಂದರೆ ಮುಂಗೈ ಮೇಲೆ ಕಡಲೆಕಾಳಿನಷ್ಟು ಹಿಂಡಿ. ಮೊದಲು ತಿಳಿ ಎಣ್ಣೆ, ಹಿಂದೆಯೇ ಗಟ್ಟಿ ಮುದ್ದೆ ಬಂತೇ? ಸವರಿದಾಗ ರವೆ ರವೆ ಸಿಗುತ್ತದೆಯೇ? ಬಿಳಿ ಇದ್ದದ್ದು ಹಳದಿಯಾಗಿದೆಯೇ, ಕಮಟು ವಾಸನೆ ಇದೆಯೇ? ಯಾವುದೊಂದಿದ್ದರೂ ಎಸೆಯಿರಿ. ಅನೆಸ್ಸಾ ಬ್ರ್ಯಾಂಡಿನಂಥ, ಹಾಲಿನಂತೆ ತೆಳ್ಳಗಿನ ಜಪಾನಿ ಸನ್‌ಸ್ಕ್ರೀನುಗಳು ಮಾತ್ರ ಬೇರೆ: ಅವು ಪದರವಾಗುವುದೇ ಸಹಜ, ಕುಲುಕಿ ಬೆರೆಸಲೆಂದೇ ಒಳಗೊಂದು ಗುಂಡು ಇರುತ್ತದೆ. ಹಾಗೆಂದು ಮೇಲ್ನೋಟಕ್ಕೆ ಚೆನ್ನಾಗಿದೆ, ಬಿಸಿಲಿಗೆ ಚರ್ಮ ಉರಿಯುತ್ತಿಲ್ಲ ಎಂದು ಡೇಟ್ ದಾಟಿದ್ದನ್ನು ನಂಬುವಂತಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಉರಿ ತರುವುದು ಮುಖ್ಯವಾಗಿ ಯುವಿಬಿ. ಇನ್ನೊಂದು ಬಗೆಯಾದ ಯುವಿಎಗೆ ತಡೆ ಕುಗ್ಗಿದ್ದರೆ ಉರಿಯಿಲ್ಲದೆಯೇ ಚರ್ಮ ಕಪ್ಪಾಗುತ್ತದೆ, ಬಂಗು ಗಾಢವಾಗುತ್ತದೆ.

ಇನ್ನು ಅಳತೆ. ಲ್ಯಾಬಿನಲ್ಲಿ ಎಸ್‌ಪಿಎಫ್ ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖಕ್ಕೆ ಆ ಲೆಕ್ಕ ಹಾಕಿದರೆ ಒಂದು ಸಲಕ್ಕೆ ಒಂದು ಗ್ರಾಂ ದಾಟುತ್ತದೆ, ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬು ಒಂದೂವರೆ ತಿಂಗಳು ಬಂದರೆ ಹೆಚ್ಚು. ಅದೇ ಟ್ಯೂಬು ವರ್ಷವಿಡೀ ಬಂದು ಎಕ್ಸ್‌ಪೈರಿ ಮುಟ್ಟಿದರೆ ಕಮ್ಮಿ ಹಚ್ಚಿದ್ದೀರಿ ಎಂದೇ ಲೆಕ್ಕ. ಒಂದಕ್ಕೊಂದು ಫ್ರೀ ಆಫರ್ ಮನೆಮಂದಿಯೆಲ್ಲ ಹಚ್ಚುವಲ್ಲಿ ಮಾತ್ರ ಲಾಭ. ಆನ್‌ಲೈನಿನಲ್ಲಿ ತರಿಸಿದರೆ ಟ್ಯೂಬಿನ ಸೀಲ್ ತೆಗೆಯುವ ಮೊದಲು ಹೊರಡಬ್ಬಿಯ ಬ್ಯಾಚ್ ನಂಬರನ್ನೂ ಡೇಟನ್ನೂ ಟ್ಯೂಬಿನದ್ದರ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ತೆರೆಯದೆ ರಿಟರ್ನ್ ಮಾಡಿ.