ಹುಂಡಿ, ಅಪ್ಪನ ಬ್ಯಾಂಕ್, ಅಂಚೆ ಕಚೇರಿ, ಎಸ್‌ಐಪಿ: ನಮ್ಮ ಮಕ್ಕಳ ತಲೆಗೆ ಹೋಗಿದ್ದು ಯಾವುದು?

ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಯಾವುದರಲ್ಲಿ ದುಡ್ಡು ಜಾಸ್ತಿ ಬೆಳೆಯಿತು ಅನ್ನೋದಲ್ಲ ನನ್ನ ಲೆಕ್ಕ, ಯಾವುದು ಅವರಿಗೆ ಅರ್ಥವಾಯಿತು ಅನ್ನೋದು.

ಮೊದಲು ಮಣ್ಣಿನ ಹುಂಡಿ. ಸಿದ್ಧಗಂಗೆ ಜಾತ್ರೆಯಲ್ಲಿ ಇಬ್ಬರಿಗೂ ಒಂದೊಂದು ಕೊಡಿಸಿದ್ದೆ. ಅಜ್ಜಿ ಕೊಟ್ಟ ನೋಟು, ಹಬ್ಬದ ದುಡ್ಡು, ಅಂಗಡಿಯ ಚಿಲ್ಲರೆ ಎಲ್ಲಾ ಅದರೊಳಗೆ. ಕಾಯೋದು ಕಲಿಸುತ್ತೆ, ನಿಜ. ಆದರೆ ಹಾಕಿದಷ್ಟೇ ಸಿಗುತ್ತೆ, ಒಂದು ರೂಪಾಯಿ ಹೆಚ್ಚಿಲ್ಲ. ಅದೂ ಮಗ ಪೊರಕೆ ಕಡ್ಡಿಯಿಂದ ನೋಟು ಎಳೆಯೋದು ಕಲಿತಿರದಿದ್ದರೆ! ಮಗಳ ಹುಂಡಿ ಒಡೆದಾಗ 1,340 ರೂಪಾಯಿ ಸಿಕ್ಕಿತು.

ಅಪ್ಪನ ಬ್ಯಾಂಕ್ ನನ್ನದೇ ಕಿತಾಪತಿ. ಒಂದು ನೋಟ್‌ಬುಕ್ಕು, ನೂರು ರೂಪಾಯಿ ಇಟ್ಟರೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಮಗ ಎರಡೇ ತಿಂಗಳಲ್ಲಿ ಪಕ್ಕಾ ಆದ, ಬಡ್ಡಿಗೆ ಬಡ್ಡಿ ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಲೇ ಇಲ್ಲ, ಆಮೇಲೆ ಅಕ್ಕನಿಗೆ ಇಪ್ಪತ್ತು ಕೊಟ್ಟು ಮೂವತ್ತು ವಾಪಸ್ ಕೇಳೋಕೆ ಶುರು ಮಾಡಿದ. "ರೀ, ಮಗನಿಗೆ ಮೀಟರ್ ಬಡ್ಡಿ ಕಲಿಸ್ತಾ ಇದ್ದೀರಾ?" ಅಂತ ಹೆಂಡತಿ ಬೈದಳು. ವರ್ಷಕ್ಕೆ ಶೇ. 60 ಆಯಿತಲ್ಲ, ಬೈಯದೆ ಇನ್ನೇನು ಮಾಡ್ತಾಳೆ. ಅಂಚೆ ಕಚೇರಿಯಲ್ಲಿ ವರ್ಷಕ್ಕೆ ನಾಲ್ಕು ಅಂದಾಗ ಅವನ ಮುಖ ನೋಡಬೇಕಿತ್ತು.

ಅಂಚೆ ಕಚೇರಿ ಉಳಿತಾಯ ಖಾತೆಯನ್ನು ಹತ್ತು ತುಂಬಿದ ಮಕ್ಕಳು ತಾವೇ ಸಹಿ ಹಾಕಿ ನಡೆಸಬಹುದು, 500 ರೂಪಾಯಿ ಇದ್ದರೆ ಸಾಕು. 2024ರ ಆಗಸ್ಟ್ ಮೊದಲ ವಾರ ಹುಂಡಿ ದುಡ್ಡನ್ನೇ ಒಯ್ದು ಮಗಳ ಹೆಸರಲ್ಲಿ ತೆರೆದೆವು. ಚಲನ್ ಅವಳೇ ತುಂಬಿದಳು, ಎರಡು ಸಲ ತಪ್ಪಾಯಿತು. ಆಮೇಲೂ ಆಗೀಗ ಸ್ವಲ್ಪ ಕಟ್ಟುತ್ತಿದ್ದಳು. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ ಅಂತ ಗೊತ್ತಾದ ಮೇಲೆ "ಅಪ್ಪಾ, ಹತ್ತರೊಳಗೆ ಹೋಗೋಣ" ಅಂತ ಅವಳೇ ನೆನಪಿಸುತ್ತಾಳೆ. ಮಾರ್ಚ್ ಕಳೆದ ಮೇಲೆ ಪಾಸ್‌ಬುಕ್ಕಿನಲ್ಲಿ 41 ರೂಪಾಯಿ ಬಡ್ಡಿ ಬಿತ್ತು. "ನಾನು ಏನೂ ಮಾಡ್ಲೇ ಇಲ್ವಲ್ಲ, ಇದು ಯಾಕೆ ಕೊಟ್ರು?" ಅಂದಳು. ಜನ ಇಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ, ಸರ್ಕಾರ ಅದನ್ನು ಬಳಸಿಕೊಂಡು ನಮಗೆ ಬಡ್ಡಿ ಯಾಕೆ ಕೊಡುತ್ತೆ ಅಂತ ಅವತ್ತು ರಾತ್ರಿ ಊಟ ಮುಗಿಯೋವರೆಗೂ ಅದೇ ಮಾತು.

ಅದೇ ವರ್ಷ ಜುಲೈನಲ್ಲಿ ಅವಳ ಹೆಸರಲ್ಲೇ, ನಾನು ಪೋಷಕನಾಗಿ, ನಿಫ್ಟಿ 50 ಇಂಡೆಕ್ಸ್ ಫಂಡಿಗೆ (ದೇಶದ 50 ದೊಡ್ಡ ಕಂಪನಿಗಳ ಷೇರಿನಲ್ಲಿ ದುಡ್ಡು ಹಾಕೋ ಫಂಡು) ತಿಂಗಳಿಗೆ 500 ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟೋ ಹೂಡಿಕೆ, ಹಾಕಿದ್ದೆ. ಸೆಪ್ಟೆಂಬರ್‌ನಲ್ಲಿ 26,000 ದಾಟಿದ್ದ, ಆ ಷೇರುಗಳ ಏರಿಳಿತ ತೋರಿಸೋ ನಿಫ್ಟಿ ಸೂಚ್ಯಂಕ ಮುಂದಿನ ಮಾರ್ಚ್ ಆರಂಭಕ್ಕೆ 22,000ದ ಹತ್ತಿರ. ಕಟ್ಟಿದ್ದು 4,000, ಫೋನಲ್ಲಿ ಕಂಡಿದ್ದು 3,600ರ ಆಸುಪಾಸು. "ನಮ್ಮ ದುಡ್ಡು ಯಾರು ತಗೊಂಡ್ರು?" ಅಂತ ಕೇಳಿದಳು. ನಾನು ಹತ್ತು ನಿಮಿಷ ವಿವರಿಸಿದೆ, ಅವಳು ಆಕಳಿಸಿದಳು. ಜೂನ್ ಹೊತ್ತಿಗೆ ಅಸಲಿಗಿಂತ ಮೇಲೆ ಬಂದಾಗಲೂ 41 ರೂಪಾಯಿಗೆ ಪಟ್ಟ ಖುಷಿ ಇರಲಿಲ್ಲ. ನನ್ನ ಫೋನಿನೊಳಗಿನ ಹಸಿರು ಕೆಂಪು ಅವಳ ಪಾಲಿಗೆ ಒಂದು ಗೇಮ್ ಅಷ್ಟೇ. ನಿಲ್ಲಿಸಿಲ್ಲ, ಹದಿನಾಲ್ಕು ತುಂಬಲಿ, ಆಗ ಮತ್ತೆ ತೋರಿಸ್ತೀನಿ. ಹದಿನೆಂಟಾದ ಮೇಲೆ ಅವಳದೇ ಪ್ಯಾನ್, ಕೆವೈಸಿ ಕೊಡಬೇಕು.

ಹೆಣ್ಣುಮಕ್ಕಳಿಗಾಗಿ ಇರೋ ಸರ್ಕಾರಿ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯೂ ಇದೆ, ಶೇ. 8.2 ಬಡ್ಡಿ. ಆದರೆ 15 ವರ್ಷ ಕಟ್ಟಿ, ಖಾತೆ ತೆರೆದ 21 ವರ್ಷಕ್ಕೆ ಬರೋ ದುಡ್ಡು. ಅದು ಅಪ್ಪ ಅಮ್ಮನ ಉಳಿತಾಯ, ಮಗುವಿನ ಪಾಠ ಅಲ್ಲ.

ಹಾಗಾಗಿ ಸದ್ಯಕ್ಕೆ ನನ್ನ ಓಟು ಪಾಸ್‌ಬುಕ್ಕಿಗೆ. ಎಂಟು ವರ್ಷದವರೆಗೆ ಹುಂಡಿಯೇ ಸಾಕು, ಬಾಯಿ ಮಾತ್ರ ಚಿಕ್ಕದಿರಲಿ. ಅಪ್ಪನ ಬ್ಯಾಂಕ್ ಈಗಲೂ ನಡೀತಿದೆ, ಬಡ್ಡಿಯನ್ನು ತಿಂಗಳಿಗೆ ಒಂದು ರೂಪಾಯಿಗೆ ಇಳಿಸಿದ್ದೀನಿ. ಗ್ರಾಹಕ ಸಿಟ್ಟಾಗಿದ್ದಾನೆ. ಹತ್ತು ತುಂಬಿದ ದಿನವೇ ಖಾತೆ ಬದಲಾಯಿಸ್ತೀನಿ ಅಂತ ಈಗಿಂದಲೇ ಸಹಿ ಪ್ರಾಕ್ಟೀಸ್ ಮಾಡ್ತಿದ್ದಾನೆ, ಒಂದು ಇದ್ದ ಹಾಗೆ ಇನ್ನೊಂದಿಲ್ಲ.