ನಾಲ್ಕು ಫೋನು, ಮೂರು ಪಿನ್ನು: ಆರು ತಿಂಗಳು ಚಾರ್ಜ್ ಮಾಡಿ ನೋಡಿದ್ದು

ಅಪ್ಪ ಆಸ್ಪತ್ರೆಯಲ್ಲಿದ್ದ ಒಂದು ರಾತ್ರಿ ನನ್ನ ಫೋನಿನ ಚಾರ್ಜ್ ಶೇ 4ಕ್ಕೆ ಇಳಿದಿತ್ತು. ಗಡಿಬಿಡಿಯಲ್ಲಿ ಚಾರ್ಜರ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ವಾರ್ಡಿನಲ್ಲಿ ಹತ್ತು ಜನರನ್ನಾದರೂ ಕೇಳಿರಬೇಕು. ಎಲ್ಲರ ಹತ್ತಿರವೂ ಚಾರ್ಜರ್ ಇತ್ತು, ಕೊಡುವ ಮನಸ್ಸೂ ಇತ್ತು. ನನ್ನ ಫೋನಿಗೆ ಹೊಂದುವ ಪಿನ್ ಮಾತ್ರ ಒಬ್ಬರ ಬಳಿಯೂ ಇರಲಿಲ್ಲ. ಅದು ಆ ಒಂದು ಕಂಪನಿಯ ಫೋನಿಗಷ್ಟೇ ಆಗುವ ಪಿನ್. ನಡುರಾತ್ರಿ ಹೊತ್ತಿಗೆ ಫೋನ್ ಆಫ್ ಆಯಿತು. ಅಣ್ಣ ಬೆಳಗಿನವರೆಗೂ ಕರೆ ಮಾಡುತ್ತಲೇ ಇದ್ದನಂತೆ.

ಅಂದಿನಿಂದ ಚಾರ್ಜರ್ ಪಿನ್ ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಟೈಪ್ ಸಿಗೆ ಬಂದಿವೆ. ಇದರಿಂದ ನಿಜವಾಗಿ ಎಷ್ಟು ಸುಧಾರಿಸಿದೆ ಎಂದು ತಿಳಿಯಬೇಕಿತ್ತು. ಹಾಗಾಗಿ ಮನೆಯಲ್ಲಿದ್ದ ನಾಲ್ಕು ಫೋನುಗಳನ್ನು ಆರು ತಿಂಗಳು ಸರದಿಯ ಮೇಲೆ ಬಳಸಿದೆ. ಒಂದು ಅಮ್ಮನ ಹಳೆಯ ಮೈಕ್ರೋ ಯುಎಸ್‌ಬಿ ಫೋನ್. ಇನ್ನೊಂದು ತಂಗಿಯ ಐಫೋನ್, ಲೈಟ್ನಿಂಗ್ ಪಿನ್ನಿನದು. ಮೂರನೆಯದು ಟೈಪ್ ಸಿ ಇದ್ದರೂ ತನ್ನದೇ ಫಾಸ್ಟ್ ಚಾರ್ಜಿಂಗ್ ಪದ್ಧತಿ ಇಟ್ಟುಕೊಂಡಿರುವ ಫೋನ್. ನಾಲ್ಕನೆಯದು ನನ್ನ ಈಗಿನ ಫೋನ್: ಟೈಪ್ ಸಿ ಪಿನ್, ಜೊತೆಗೆ ಎಲ್ಲ ಕಂಪನಿಗಳೂ ಬಳಸಬಹುದಾದ ಪವರ್ ಡೆಲಿವರಿ ಪದ್ಧತಿ. ಶೇ 20ರಿಂದ 80ಕ್ಕೆ ಏರಲು ಎಷ್ಟು ಹೊತ್ತು ಬೇಕು ಎಂದು ಬರೆದಿಟ್ಟೆ. ವೋಲ್ಟು, ಆಂಪಿಯರ್ ತೋರಿಸುವ ಪುಟ್ಟ ಮೀಟರ್ ಒಂದನ್ನು ಕೇಬಲ್ ನಡುವೆ ಸಿಕ್ಕಿಸಿ ನೋಡಿದೆ.

ಮೈಕ್ರೋ ಯುಎಸ್‌ಬಿಯನ್ನು ಬೇಗ ಮುಗಿಸಿಬಿಡುತ್ತೇನೆ. ಅಮ್ಮನ ಫೋನ್ 70 ನಿಮಿಷ ತೆಗೆದುಕೊಂಡಿತು. ಅದಕ್ಕಿಂತ ತೊಂದರೆ ಕೊಟ್ಟದ್ದು ಪಿನ್ನಿನ ಆಕಾರ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಕತ್ತಲಲ್ಲಿ ಸಿಕ್ಕಿಸುವಾಗ ಮೊದಲ ಸಲಕ್ಕೇ ಸರಿಹೋದದ್ದು ಅಪರೂಪ. ಅಮ್ಮನ ಕಣ್ಣಿಗೆ ಆ ವ್ಯತ್ಯಾಸ ಹಗಲಲ್ಲೂ ಕಾಣುವುದಿಲ್ಲ. ಒತ್ತಿ ಒತ್ತಿ ಒಳಗಿನ ನಾಲಿಗೆಯೇ ಸೊಟ್ಟಗಾಗಿದೆ, ಈಗ ಕೇಬಲ್ಲನ್ನು ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಏರುತ್ತದೆ. ಆದರೂ ಈ ಪಿನ್ನಿನ ಉಪಕಾರವನ್ನು ಮರೆಯಬಾರದು. ಅದಕ್ಕೂ ಮೊದಲು ನೋಕಿಯಾದಲ್ಲೇ ದಪ್ಪ ಪಿನ್ ಬೇರೆ, ಸಣ್ಣ ಪಿನ್ ಬೇರೆ ಇತ್ತು. ಸೋನಿ ಎರಿಕ್ಸನ್‌ಗೆ ಅದರದೇ ಚಪ್ಪಟೆ ಪಿನ್, ಸ್ಯಾಮ್ಸಂಗ್‌ಗೆ ಮತ್ತೊಂದು. 2009ರಲ್ಲಿ ಯುರೋಪಿನ ಒತ್ತಾಯಕ್ಕೆ ದೊಡ್ಡ ಫೋನ್ ಕಂಪನಿಗಳು ಮೈಕ್ರೋ ಯುಎಸ್‌ಬಿಗೆ ಒಪ್ಪಿ ಸಹಿ ಹಾಕಿದವು. ಅದು ಕಾನೂನಲ್ಲ, ಸ್ವಂತ ಇಷ್ಟದ ಒಪ್ಪಂದ. ಆಪಲ್ ಕೂಡ ಸಹಿ ಹಾಕಿತ್ತು. ಫೋನಿನ ಪಿನ್ ಬದಲಿಸದೆ, ಅಡಾಪ್ಟರ್ ತುಂಡೊಂದರ ಮೂಲಕ ಒಪ್ಪಂದ ಪಾಲಿಸಲು ಅದರಲ್ಲಿ ಅವಕಾಶವಿತ್ತು.

ಇನ್ನು ಲೈಟ್ನಿಂಗ್. ಇದರ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಯಾಕೆಂದರೆ ಕೈಯಲ್ಲಿ ಹಿಡಿದು ನೋಡಿದರೆ ಇದು ಬಹಳ ಒಳ್ಳೆಯ ಪಿನ್. 2012ರಲ್ಲಿ ಐಫೋನ್ 5ರ ಜೊತೆ ಬಂತು. ಅದಕ್ಕೂ ಮುಂಚೆ ಐಫೋನಿಗೆ ಇದ್ದದ್ದು 30 ಪಿನ್ನಿನ ಅಗಲವಾದ ಪಟ್ಟಿ. ಅದರ ಜಾಗದಲ್ಲಿ ಬಂದ ಈ ಪುಟ್ಟ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದಿತ್ತು. ಮಿಕ್ಕವರೆಲ್ಲ ಮೈಕ್ರೋ ಯುಎಸ್‌ಬಿಯ ಸರಿ ಮಗ್ಗುಲು ಹುಡುಕುತ್ತಿದ್ದ ಕಾಲ ಅದು. ಟೈಪ್ ಸಿಯ ನಿಯಮಗಳು ಪ್ರಕಟವಾದದ್ದು 2014ರಲ್ಲಿ. ಅಂದರೆ ತಿರುಗಿಸಿ ಹಾಕುವ ಅನುಕೂಲ ಐಫೋನ್ ಬಳಸುವವರಿಗೆ ಎರಡು ವರ್ಷ ಮೊದಲೇ ಸಿಕ್ಕಿತ್ತು.

ಗಟ್ಟಿತನದಲ್ಲಿ ಈಗಲೂ ನನಗೆ ಲೈಟ್ನಿಂಗ್ ಪ್ಲಗ್ಗೇ ಇಷ್ಟ. ಅದು ಒಂದೇ ಗಟ್ಟಿ ತುಂಡು, ಎರಡೂ ಮೈಮೇಲೆ ಎಂಟೆಂಟು ಲೋಹದ ಪಟ್ಟಿಗಳು. ಫೋನಿನ ಒಳಗೆ ಸುಮ್ನೆ ಒಂದು ಖಾಲಿ ಗೂಡು. ತಂಗಿ ಫೋನನ್ನು ಜೇಬಲ್ಲಿಟ್ಟು ಓಡಾಡುವವಳು, ಬಟ್ಟೆಯ ನಾರು, ಧೂಳು ಎಲ್ಲ ಅಲ್ಲಿಗೇ ಸೇರುತ್ತದೆ. ಫೋನ್ ಆಫ್ ಮಾಡಿ, ಒಂದು ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಎಲ್ಲ ಹೊರಗೆ ಬಂತು. ಟೈಪ್ ಸಿಯಲ್ಲಿ ಈ ಕೆಲಸ ಮಾಡುವಾಗ ನನ್ನ ಕೈ ನಡುಗುತ್ತದೆ. ಅಲ್ಲಿ ಗೂಡಿನ ನಡುವೆ ತೆಳುವಾದ ನಾಲಿಗೆ ಇದೆ, ಸಂಪರ್ಕದ ಪಟ್ಟಿಗಳೆಲ್ಲ ಅದರ ಮೇಲೇ ಇವೆ. ಅದು ಮುರಿದರೆ ಫೋನ್ ರಿಪೇರಿಗೆ ಹೋಗಲೇಬೇಕು.

ಆದರೆ ಸವಕಲು ಎಲ್ಲಿ ಆಗುತ್ತದೆ ಎಂದು ನೋಡಿದರೆ ಲೆಕ್ಕ ಬದಲಾಗುತ್ತದೆ. ಲೈಟ್ನಿಂಗ್‌ನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ಕಡ್ಡಿಗಳು ಫೋನಿನ ಒಳಗಿವೆ. ಟೈಪ್ ಸಿಯಲ್ಲಿ ಅವು ಕೇಬಲ್ಲಿನ ಪ್ಲಗ್ ಒಳಗಿವೆ. ಸ್ಪ್ರಿಂಗ್ ಸಡಿಲವಾದರೆ ಟೈಪ್ ಸಿಯಲ್ಲಿ ಕೇಬಲ್ ಬದಲಿಸಿದರೆ ಸಾಕು. ಹತ್ತು ಸಾವಿರ ಸಲ ಹಾಕಿ ತೆಗೆಯುವುದನ್ನು ತಾಳಬೇಕು ಎಂಬುದು ಟೈಪ್ ಸಿಯ ಲೆಕ್ಕಾಚಾರ. ದಿನಕ್ಕೆ ಮೂರು ಸಲ ಹಾಕಿ ತೆಗೆದರೂ ಒಂಬತ್ತು ವರ್ಷ. ಇನ್ನೊಂದು ಮಾತು: ಲೈಟ್ನಿಂಗ್ ಪ್ಲಗ್ಗಿನ ಪಟ್ಟಿಗಳು ಹೊರಗೆ ಬೆತ್ತಲೆಯಾಗಿರುತ್ತವೆ. ಬೆವರು, ತೇವ ತಾಗುತ್ತದೆ. ನಾವು ಬೇರೆ ಯಾರೋ ತಯಾರಿಸಿದ ಕೇಬಲ್ ಒಂದನ್ನು ಬಳಸುತ್ತಿದ್ದೆವು, ಅದರ ಒಂದು ಪಟ್ಟಿ ನಾಲ್ಕೇ ತಿಂಗಳಲ್ಲಿ ಕಪ್ಪಾಯಿತು. ಆಮೇಲೆ ಒಂದು ಮಗ್ಗುಲಿಗೆ ಹಾಕಿದರೆ ಚಾರ್ಜ್ ಆಗುತ್ತದೆ, ತಿರುಗಿಸಿದರೆ ಆಗುವುದಿಲ್ಲ.

ಹೀಗೆ ಪ್ಲಗ್ಗಾಗಿ ನೋಡಿದರೆ ಎರಡೂ ಸರಿಸುಮಾರು ಸಮ. ಲೈಟ್ನಿಂಗ್ ಸೋತದ್ದು ಬೇರೆ ಕಡೆ. ಅದರ ಕೇಬಲ್ಲಿನೊಳಗೆ ಗುರುತು ಹೇಳುವ ಒಂದು ಚಿಪ್ ಇರುತ್ತದೆ, ಕೇಬಲ್ ತಯಾರಿಸುವವರು ಆಪಲ್‌ನ ಅನುಮತಿ ಯೋಜನೆಯೊಳಗೆ ಬರಬೇಕು. ವೇಗವೂ ಅಷ್ಟಕ್ಕಷ್ಟೇ. ಐಫೋನಿನಲ್ಲಿ ಡೇಟಾ ಸೆಕೆಂಡಿಗೆ 480 ಮೆಗಾಬಿಟ್ ದಾಟಲಿಲ್ಲ, ಅದು ಯುಎಸ್‌ಬಿ 2ರ ಕಾಲದ ವೇಗ. ತಂಗಿಯ ಮಗಳ ಹುಟ್ಟುಹಬ್ಬದ ವಿಡಿಯೋಗಳನ್ನು ಕಂಪ್ಯೂಟರಿಗೆ ಹಾಕಲು ಒಂದು ಸಂಜೆಯೇ ಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಐಫೋನ್ 15ಕ್ಕೆ ಟೈಪ್ ಸಿ ಬಂದಾಗ, ಪ್ರೋ ಮಾದರಿಗಳಲ್ಲಿ ಇದು ಸೆಕೆಂಡಿಗೆ 10 ಗಿಗಾಬಿಟ್‌ವರೆಗೆ ಏರಿತು. ಸಾದಾ 15ರಲ್ಲಿ ಪಿನ್ ಬದಲಾದರೂ ವೇಗ ಅದೇ 480ರಲ್ಲಿ ನಿಂತಿತು. ಪ್ರೋ ಜೊತೆ ಪೆಟ್ಟಿಗೆಯಲ್ಲಿ ಬರುವ ಕೇಬಲ್ ಕೂಡ ಯುಎಸ್‌ಬಿ 2ರದ್ದೇ. ಆ ವೇಗ ಬೇಕಾದವರು ಬೇರೆ ಕೇಬಲ್ ಹುಡುಕಬೇಕು.

ತಂಗಿಯ ಫೋನ್ 20 ವ್ಯಾಟಿನ ಚಾರ್ಜರಿನಲ್ಲಿ 40 ನಿಮಿಷ ತೆಗೆದುಕೊಂಡಿತು. ಬೇಸರಪಡುವಂಥದ್ದೇನಲ್ಲ.

ನಿಜವಾದ ಪೈಪೋಟಿ ಇರುವುದು ಎರಡು ಟೈಪ್ ಸಿ ಫೋನುಗಳ ನಡುವೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಪಿನ್ ಒಂದೇ ಆದರೆ ಎಲ್ಲವೂ ಒಂದೇ ಎಂದುಕೊಂಡಿದ್ದೆ. ಪಿನ್ ಬರೀ ಬಾಗಿಲು. ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಕೊಡಬೇಕು ಎಂದು ಚಾರ್ಜರೂ ಫೋನೂ ಮೊದಲು ಮಾತಾಡಿಕೊಳ್ಳುತ್ತವೆ. ಆ ಮಾತಿನ ಭಾಷೆ ಇನ್ನೂ ಎಲ್ಲ ಕಡೆ ಒಂದಾಗಿಲ್ಲ.

ಸ್ವಂತ ಪದ್ಧತಿಯ ಫೋನ್ ಅದರದೇ 65 ವ್ಯಾಟಿನ ಚಾರ್ಜರಿನಲ್ಲಿ 19 ನಿಮಿಷಕ್ಕೆ 80 ಮುಟ್ಟಿತು. ಇದು ಕಣ್ಣಿಗೆ ಕಟ್ಟುವ ವೇಗ. ಸ್ನಾನ ಮುಗಿಸಿ ಬರುವುದರೊಳಗೆ ದಿನಕ್ಕಾಗುವಷ್ಟು ಚಾರ್ಜ್ ಸಿದ್ಧ. ಒಪ್ಪೋ 2014ರಲ್ಲಿ ತಂದ ವೂಕ್ ಮಾದರಿಯ ಇಂಥ ಪದ್ಧತಿಗಳ ಹಿಂದಿನ ಯೋಚನೆಯೂ ಜಾಣತನದ್ದು. ವೋಲ್ಟು ಏರಿಸುವ ಬದಲು ಆಂಪಿಯರ್ ಏರಿಸುತ್ತಾರೆ. ಬಿಸಿಯಾಗುವ ಕೆಲಸದ ದೊಡ್ಡ ಪಾಲು ಫೋನಿನಲ್ಲಲ್ಲ, ಗೋಡೆಗೆ ಹಾಕಿದ ಚಾರ್ಜರಿನಲ್ಲಿ ಆಗುತ್ತದೆ. ಅಷ್ಟು ಕರೆಂಟ್ ಹರಿಯಲು ದಪ್ಪ ಕೇಬಲ್ ಬೇಕು. ಹಾಗಾಗಿ ಚಾರ್ಜರ್ ಜೊತೆಗೆ ಕೇಬಲ್ಲೂ ಅವರದೇ ಆಗಬೇಕು.

ತೊಡಕು ಇರುವುದು ಇಲ್ಲೇ. ಅದೇ ಫೋನನ್ನು ನನ್ನ ಲ್ಯಾಪ್‌ಟಾಪಿನ 65 ವ್ಯಾಟ್ ಪವರ್ ಡೆಲಿವರಿ ಚಾರ್ಜರಿಗೆ ಹಾಕಿದೆ. ಎರಡೂ ಚಾರ್ಜರಿನ ಮೇಲೆ ಬರೆದಿರುವ ಸಂಖ್ಯೆ ಒಂದೇ, ಪಿನ್ ಒಂದೇ. ಬೇಕಾದದ್ದು 50 ನಿಮಿಷ. ಮೀಟರ್ 18 ವ್ಯಾಟಿನ ಮೇಲೆ ಹೋಗಲೇ ಇಲ್ಲ. ಅವರ ಚಾರ್ಜರ್ ಇಟ್ಟುಕೊಂಡು ಬೇರೆ ಕೇಬಲ್ ಹಾಕಿದರೆ ಇನ್ನೂ ನಿಧಾನ. ನನ್ನ ಮೀಟರ್ ನಡುವೆ ಬಂದರೂ ವೇಗ ಬಿದ್ದುಹೋಗುತ್ತಿತ್ತು. ಆ ಫೋನಿನ ಸಮಯವನ್ನು ಬರೀ ಗಡಿಯಾರ ನೋಡಿ ಅಳೆಯಬೇಕಾಯಿತು.

ನನ್ನ ಈಗಿನ ಫೋನ್ 25 ವ್ಯಾಟಿನದು, 34 ನಿಮಿಷ ತೆಗೆದುಕೊಂಡಿತು. 19ರ ಮುಂದೆ ಇದು ನಿಧಾನವೇ. ಆದರೆ ಲ್ಯಾಪ್‌ಟಾಪಿನ ಚಾರ್ಜರ್, ಗೆಳೆಯನ ಟ್ಯಾಬ್ಲೆಟ್ಟಿನ ಚಾರ್ಜರ್, ನನ್ನ ಪವರ್ ಬ್ಯಾಂಕ್, ಮೂರರಲ್ಲೂ 34ರಿಂದ 40 ನಿಮಿಷದೊಳಗೇ ಮುಗಿಯಿತು. ನನ್ನ ಮಟ್ಟಿಗೆ ಗೆದ್ದದ್ದು ಇದು. ಚಾರ್ಜ್ ಖಾಲಿಯಾಗುವುದು ಮನೆಯಲ್ಲಿ ನಮ್ಮ ಚಾರ್ಜರಿನ ಪಕ್ಕ ಕೂತಾಗ ಅಲ್ಲ, ಅಲ್ವಾ? ಬೇರೆಯವರ ಚಾರ್ಜರ್ ಕೇಳಿ ಪಡೆಯುವ ಹೊತ್ತಿನಲ್ಲಿ ಫೋನ್ ಎಷ್ಟು ಬೇಗ ಎದ್ದು ನಿಲ್ಲುತ್ತದೆ ಎನ್ನುವುದೇ ನನಗೆ ಮುಖ್ಯ.

ಟೈಪ್ ಸಿಯ ದೊಡ್ಡ ಕೊರತೆ ಎಂದರೆ ಕೇಬಲ್. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ ಬೇರೆ. ಸಾದಾ ಸಿ ಟು ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟಿನವರೆಗೆ. ಅದಕ್ಕಿಂತ ಜಾಸ್ತಿ ಹರಿಸಬೇಕಾದರೆ ಕೇಬಲ್ಲಿನೊಳಗೆ ತನ್ನ ಶಕ್ತಿ ಎಷ್ಟೆಂದು ತಿಳಿಸುವ ಚಿಪ್ ಇರಲೇಬೇಕು. 2021ರಲ್ಲಿ ಬಂದ ಪವರ್ ಡೆಲಿವರಿಯ ಹೊಸ ಆವೃತ್ತಿಯಲ್ಲಿ ಇಂಥ ಚಿಪ್ ಇರುವ ಕೇಬಲ್ಲಿನ ಮಿತಿ 240 ವ್ಯಾಟಿಗೆ ಏರಿದೆ. ಡೇಟಾ ವೇಗದ್ದು ಮತ್ತೊಂದು ಲೆಕ್ಕ. ಹೆಚ್ಚು ವ್ಯಾಟ್ ತಾಳುವ ಕೇಬಲ್ ಡೇಟಾದಲ್ಲಿ ನಿಧಾನವಾಗಿರಬಹುದು. ನನ್ನ ಡ್ರಾಯರಿನಲ್ಲಿ ಏಳು ಕೇಬಲ್ ಇದ್ದವು. ಒಂದೊಂದನ್ನೂ ಮೀಟರಿಗೆ ಹಾಕಿ, ಅಳೆದು, ಬಣ್ಣದ ದಾರ ಕಟ್ಟಿದೆ. ಕೆಂಪು ದಾರ ಲ್ಯಾಪ್‌ಟಾಪಿಗೆ, ಹಸಿರು ಫೋನಿಗೆ, ಬಿಳಿ ಎಂದರೆ ವಿಡಿಯೋ ಕಳಿಸಲು. ಬಳಸುವವರು ಹೀಗೆ ದಾರ ಕಟ್ಟಿಕೊಳ್ಳುವ ಪರಿಸ್ಥಿತಿ ಇರಬಾರದು. ಎಷ್ಟು ವ್ಯಾಟ್, ಎಷ್ಟು ವೇಗ ಎಂದು ಪ್ಲಗ್ಗಿನ ಮೇಲೇ ಓದುವ ಅಕ್ಷರದಲ್ಲಿ ಇರಬೇಕು. ಹೊಸ ಕೇಬಲ್ ಕೊಳ್ಳುವವರು ವ್ಯಾಟ್ ಮುದ್ರಿಸಿರುವುದನ್ನೇ ಆರಿಸಿಕೊಳ್ಳಿ.

ಕಳಪೆ ಕೇಬಲ್ ವಿಷಯದಲ್ಲಿ ಒಬ್ಬರನ್ನು ನೆನೆಯಬೇಕು. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್. ಟೈಪ್ ಸಿ ಇನ್ನೂ ಹೊಸದಾಗಿದ್ದ 2015ರಲ್ಲಿ, ಅಂಗಡಿಯಲ್ಲಿ ಸಿಗುವ ಕೇಬಲ್‌ಗಳನ್ನು ತಾವೇ ತರಿಸಿ ಪರೀಕ್ಷೆ ಮಾಡಿ ಸರಿ ಯಾವುದು, ತಪ್ಪು ಯಾವುದು ಎಂದು ಬರೆಯುತ್ತಾ ಹೋದರು. ಮರುವರ್ಷ ವೈರುಗಳನ್ನು ಅದಲುಬದಲಾಗಿ ಜೋಡಿಸಿದ್ದ ಕೇಬಲ್ ಒಂದು ಅವರ ಲ್ಯಾಪ್‌ಟಾಪನ್ನೇ ಹಾಳುಮಾಡಿತು. ಅವರು ಅಷ್ಟು ಬೆನ್ನು ಹತ್ತಿದ್ದರಿಂದ ಕೇಬಲ್ ಗುಣಮಟ್ಟ ದೊಡ್ಡ ಚರ್ಚೆಯಾಯಿತು.

ಕಾನೂನಿನ ಮಾತಿಗೆ ಬರೋಣ. ಯುರೋಪಿನ ಸಂಸತ್ತು 2022ರ ಅಕ್ಟೋಬರ್ 4ರಂದು 602 ಮತಗಳಿಂದ ಏಕ ಚಾರ್ಜರ್ ನಿಯಮ ಒಪ್ಪಿತು. ವಿರುದ್ಧ ಬಿದ್ದದ್ದು 13 ಮತ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಹೊಸ ಫೋನು, ಟ್ಯಾಬ್ಲೆಟ್ಟು, ಕ್ಯಾಮೆರಾ, ಹೆಡ್‌ಫೋನುಗಳಿಗೆ ಟೈಪ್ ಸಿ ಕಡ್ಡಾಯ. ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28 ಗಡುವು. ಎಸೆದ, ಬಳಸದೆ ಬಿದ್ದ ಚಾರ್ಜರುಗಳಿಂದ ಯುರೋಪಿನಲ್ಲಿ ವರ್ಷಕ್ಕೆ 11,000 ಟನ್ ಕಸ ಆಗುತ್ತದೆ ಎಂಬ ಅಂದಾಜು ಇದರ ಹಿಂದಿತ್ತು. ಒಂದೇ ಪಿನ್ ಹೇರಿದರೆ ಹೊಸತನಕ್ಕೆ ಅಡ್ಡಿ ಎಂದು ಆಪಲ್ ಆಕ್ಷೇಪಿಸಿತ್ತು. ಆ ವಾದದಲ್ಲಿ ಸ್ವಲ್ಪ ಸತ್ಯವಿದೆ. 2009ರ ಒಪ್ಪಂದದಲ್ಲಿ ಅಡಾಪ್ಟರಿನ ಅವಕಾಶ ಇಲ್ಲದೆ ಎಲ್ಲರೂ ಮೈಕ್ರೋ ಯುಎಸ್‌ಬಿಯನ್ನೇ ಹಾಕಬೇಕಾಗಿದ್ದರೆ ಲೈಟ್ನಿಂಗ್ ಹುಟ್ಟುತ್ತಿರಲಿಲ್ಲ. ಆದರೆ 2015ರಲ್ಲೇ ಆಪಲ್ ತನ್ನ ಮ್ಯಾಕ್‌ಬುಕ್ಕಿಗೆ ಟೈಪ್ ಸಿ ಕೊಟ್ಟಿತ್ತು, 2018ರಲ್ಲಿ ಐಪ್ಯಾಡ್ ಪ್ರೋಗೂ ಕೊಟ್ಟಿತು. ಐಫೋನಿಗೆ ಮಾತ್ರ ಇನ್ನೂ ಐದು ವರ್ಷ ಕಾಯಿಸಿದ್ದಕ್ಕೆ ಹೊಸತನ ಕಾರಣ ಎಂದರೆ ನಾನು ಒಪ್ಪುವುದಿಲ್ಲ.

ಈ ನಿಯಮದ ಒಂದು ಅಂಶ ಜನರ ಕಣ್ಣಿಗೆ ಬೀಳುವುದು ಕಡಿಮೆ, ಆದರೆ ನನಗೆ ಅದೇ ಹೆಚ್ಚು ಖುಷಿ ಕೊಟ್ಟದ್ದು. ಕೇಬಲ್ ಹಾಕಿ 15 ವ್ಯಾಟಿಗಿಂತ ಜಾಸ್ತಿ ಶಕ್ತಿಯಲ್ಲಿ ಚಾರ್ಜ್ ಆಗುವ ಸಾಧನ ಪವರ್ ಡೆಲಿವರಿಯನ್ನು ಒಪ್ಪಲೇಬೇಕು. ಸ್ವಂತ ಪದ್ಧತಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಅದು ಎಲ್ಲರ ಭಾಷೆಗೆ ಅಡ್ಡ ಬರಬಾರದು. ನಾನು ಪರೀಕ್ಷೆ ಮಾಡಿದ ಮೂರನೆಯ ಫೋನಿನಂಥವು ಮುಂದೆ ಬೇರೆ ಚಾರ್ಜರಿನಲ್ಲೂ ಇಷ್ಟು ಮುಗ್ಗರಿಸದೆ ಇರಲು ಇದು ದಾರಿ.

ಹೊಸ ಫೋನ್ ತೆಗೆದುಕೊಳ್ಳುವವರು ನನ್ನನ್ನು ಕೇಳಿದರೆ, ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆ ಬಿಟ್ಟು, ಪವರ್ ಡೆಲಿವರಿಯಲ್ಲಿ ಎಷ್ಟು ವ್ಯಾಟ್ ಎಂದು ವಿಚಾರಿಸಿ ಎನ್ನುತ್ತೇನೆ. ದಿನವಿಡೀ ಒಂದೇ ಜಾಗದಲ್ಲಿ ಇರುವವರಿಗೆ 19 ನಿಮಿಷದ ಫೋನ್ ಹಿಡಿಸಬಹುದು. ಓಡಾಡುವವರಿಗೆ ಬೇಡ. ಲೈಟ್ನಿಂಗ್ ಐಫೋನ್ ಚೆನ್ನಾಗಿ ನಡೆಯುತ್ತಿದ್ದರೆ ಬರೀ ಪಿನ್ನಿಗೋಸ್ಕರ ಬದಲಿಸಬೇಡಿ, ಅದು ಮತ್ತೊಂದು ಕಸ. ತಂಗಿಯೂ ಅದನ್ನೇ ಇಟ್ಟುಕೊಂಡಿದ್ದಾಳೆ. ಅಮ್ಮನಿಗೆ ಮಾತ್ರ ಟೈಪ್ ಸಿ ಫೋನ್ ಕೊಡಿಸಿದೆ. ಕನ್ನಡಕ ಹುಡುಕದೆ ಚಾರ್ಜಿಗೆ ಹಾಕುತ್ತಾರೆ.

ಈಗ ನನ್ನ ಚೀಲದಲ್ಲಿ ಒಂದು ಚಾರ್ಜರ್, ಹಸಿರು ದಾರದ ಒಂದು ಕೇಬಲ್ ಇದೆ. ಎರಡನೆಯ ಕೇಬಲ್ ಒಂದನ್ನು ಇನ್ನೂ ಬಿಡಲು ಆಗಿಲ್ಲ. ನನ್ನ ಬಳಿ ಟೈಪ್ ಸಿ ತೂತಿನ ಒಂದು ಟಾರ್ಚ್ ಇದೆ. ಸಿ ಟು ಸಿ ಕೇಬಲ್ ಹಾಕಿದರೆ ಅದಕ್ಕೆ ಜೀವವೇ ಬರುವುದಿಲ್ಲ. ತಾನು ವಿದ್ಯುತ್ ತೆಗೆದುಕೊಳ್ಳುವ ಸಾಧನ ಎಂದು ಚಾರ್ಜರಿಗೆ ತಿಳಿಸಲು ಒಳಗೆ ಎರಡು ಸಣ್ಣ ರೆಸಿಸ್ಟರ್ ಇರಬೇಕು, 5.1 ಕಿಲೋಓಮಿನವು. ಟಾರ್ಚ್ ಮಾಡಿದವರು ಅವನ್ನು ಹಾಕಿಲ್ಲ. ಸುಳಿವು ಸಿಗದೆ ಚಾರ್ಜರ್ ಕರೆಂಟನ್ನೇ ಬಿಡುವುದಿಲ್ಲ. ಹಳೆಯ ಅಗಲ ಪ್ಲಗ್ಗಿನ ಎ ಟು ಸಿ ಕೇಬಲ್ ಹಾಕಿದರೆ ತಕ್ಷಣ ಚಾರ್ಜ್ ಆಗುತ್ತದೆ. ಆ ಕೇಬಲ್ಲಿಗೆ ಕಪ್ಪು ದಾರ ಕಟ್ಟಿ ಟಾರ್ಚಿನ ಜೊತೆಗೇ ಸುತ್ತಿಟ್ಟಿದ್ದೇನೆ.