ಹಡಲ್: ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರರನ್ನು ಹುಡುಕುವ ಕಾಲೇಜಿಗೆ ಎಷ್ಟರ ಮಟ್ಟಿಗೆ ನೆರವು?

ಅಮೆರಿಕದ ಹೈಸ್ಕೂಲ್ ತಂಡಗಳಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರ ಪೈಕಿ ನಮ್ಮ ತಂಡಕ್ಕೆ ಯಾರು ಹೊಂದಬಲ್ಲರು ಎಂಬುದನ್ನು ನೋಡಿ ಮುಖ್ಯ ಕೋಚ್‌ಗೆ ವರದಿ ಕೊಡುವುದು ನನ್ನ ಕೆಲಸ. ನಾನಿರುವುದು ಅಮೆರಿಕದ ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಕೊನೆಯದಾದ ಡಿವಿಷನ್ 3ರ ಒಂದು ಚಿಕ್ಕ ಕಾಲೇಜಿನಲ್ಲಿ. ಈ ಕೆಲಸಕ್ಕಾಗಿ ನಾನು ಹೆಚ್ಚುಕಡಿಮೆ ಪ್ರತಿದಿನ ತೆರೆದು ಕೂರುವ ಹಡಲ್ ಎಂಬ ವಿಡಿಯೊ ಸೇವೆಯ ಬಗ್ಗೆ, ಸ್ಕೌಟಿಂಗ್ ಮಾಡುವವನ ದೃಷ್ಟಿಯಿಂದ ಮಾತ್ರ, ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೂರ್ತಿ ಪಂದ್ಯವನ್ನು ಕೂತು ನೋಡುವ ತಾಳ್ಮೆ ಇರುವವರಿಗೆ ಹಡಲ್ ನಿಜವಾಗಿಯೂ ದೊಡ್ಡ ನೆರವು. ಎರಡು ನಿಮಿಷದ ಹೈಲೈಟ್ ನೋಡಿ ಹುಡುಗನ ಯೋಗ್ಯತೆಯನ್ನು ತೀರ್ಮಾನಿಸುವವರನ್ನು ಮಾತ್ರ ಇದೇ ಸೇವೆ ಬಹಳ ಸುಲಭವಾಗಿ ದಾರಿ ತಪ್ಪಿಸುತ್ತದೆ.

ಇಂಥ ಸೇವೆ ಯಾಕೆ ಬೇಕಾಯಿತು ಎಂಬುದು ಅಂಕಿಗಳಿಂದಲೇ ತಿಳಿಯುತ್ತದೆ. ಅಮೆರಿಕದಲ್ಲಿ ಹೈಸ್ಕೂಲ್ ಮಟ್ಟದಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರ ಸಂಖ್ಯೆ 5 ಲಕ್ಷವನ್ನು ಮೀರುತ್ತದೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲ್ಹಂತವಾದ ಡಿವಿಷನ್ 1ರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ, ಡಿವಿಷನ್ 3ರಲ್ಲಿ 400ಕ್ಕೂ ಹೆಚ್ಚು. ಡಿವಿಷನ್ 1ರ ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಬೇಸಿಗೆಯಲ್ಲಿ ದಕ್ಷಿಣ ಕ್ಯಾರೊಲಿನಾದ ನಾರ್ತ್ ಆಗಸ್ಟಾದಲ್ಲಿ ನಡೆಯುವ ಪೀಚ್ ಜ್ಯಾಮ್‌ನಂಥ ಪಂದ್ಯಾವಳಿಗೆ ಹೋಗಿ, ದೇಶದ ಹೆಸರಾಂತ ಹುಡುಗರನ್ನೆಲ್ಲ ಒಂದೇ ಕಟ್ಟಡದಲ್ಲಿ ನೋಡಿ ಬರುತ್ತಾರೆ. ಕ್ರೀಡಾ ವಿದ್ಯಾರ್ಥಿವೇತನ ಕೊಡಲು ಅವಕಾಶವೇ ಇಲ್ಲದ ಡಿವಿಷನ್ 3ರ ನಮ್ಮಂಥವರಿಗೆ ಬೇಕಾದ ಹುಡುಗ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವನು ಎಲ್ಲೋ ಒಂದು ಸಣ್ಣ ಊರಿನ ಶಾಲೆಯಲ್ಲಿ, ಮಂಗಳವಾರ ಮತ್ತು ಶುಕ್ರವಾರದ ರಾತ್ರಿಗಳಲ್ಲಿ, ಊರಿನವರಷ್ಟೇ ನೋಡುವ ಪಂದ್ಯಗಳಲ್ಲಿ ಆಡುತ್ತಿರುತ್ತಾನೆ. ನಮ್ಮ ತಂಡದ ಪಂದ್ಯಗಳೂ ಅದೇ ತಿಂಗಳುಗಳಲ್ಲಿ ನಡೆಯುವುದರಿಂದ, ಕಾರು ಹತ್ತಿ ಊರೂರು ಸುತ್ತಿ ಎಲ್ಲರನ್ನೂ ನೋಡಿ ಬರುತ್ತೇವೆ ಎಂಬುದು ಆಗದ ಮಾತು.

ವಿಡಿಯೊ ಮೂಲಕ ಆಟಗಾರನನ್ನು ಕಂಡುಕೊಳ್ಳುವುದು ಹಡಲ್‌ಗಿಂತ ಹಳೆಯ ಪದ್ಧತಿ. ಕೆನಡಾದ ವಿಕ್ಟೋರಿಯಾದಲ್ಲಿ ಬೆಳೆದ ಸ್ಟೀವ್ ನ್ಯಾಶ್‌ಗಾಗಿ ಅವರ ಶಾಲೆಯ ಕೋಚ್ ಇಯಾನ್ ಹೈಡ್-ಲೇ 30ಕ್ಕೂ ಹೆಚ್ಚು ಅಮೆರಿಕನ್ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದ್ದರು. ಆಸಕ್ತಿ ತೋರಿ ವಿಡಿಯೊ ತರಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ. ಟೇಪ್ ನೋಡಿದ ಅಲ್ಲಿನ ಕೋಚ್ ಡಿಕ್ ಡೇವಿ ಅಷ್ಟಕ್ಕೇ ಒಪ್ಪಿಕೊಳ್ಳದೆ, ಹುಡುಗನ ಆಟವನ್ನು ಖುದ್ದಾಗಿ ನೋಡಿಯೇ ವಿದ್ಯಾರ್ಥಿವೇತನ ಕೊಡಿಸಿದರು. 1992ರಲ್ಲಿ ಸಾಂತಾ ಕ್ಲಾರಾ ಸೇರಿದ ನ್ಯಾಶ್ ಮುಂದೆ 2005 ಮತ್ತು 2006ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಅತ್ಯಮೂಲ್ಯ ಆಟಗಾರರಾದರು. ಟೇಪ್ ಮೊದಲು, ಖುದ್ದು ನೋಟ ಆಮೇಲೆ ಎಂಬ ಡೇವಿಯವರ ಕ್ರಮವನ್ನೇ ನಾನು ಇಂದಿಗೂ ಸರಿಯಾದ ಕ್ರಮವೆಂದು ನಂಬುತ್ತೇನೆ, ಮತ್ತು ಹಡಲನ್ನು ಆ ಕ್ರಮದ ಮೊದಲ ಅರ್ಧಕ್ಕೆ ಎಷ್ಟು ಒದಗುತ್ತದೆ ಎಂಬ ಲೆಕ್ಕದಲ್ಲೇ ತೂಗುತ್ತೇನೆ.

ಹಡಲ್ 2006ರಲ್ಲಿ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ ಶುರುವಾಯಿತು. ಮೊದಲಿಗೆ ಅದು ಅಮೆರಿಕನ್ ಫುಟ್‌ಬಾಲ್ ತಂಡಗಳು ತಮ್ಮ ಪಂದ್ಯದ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ನೋಡಿ ಪಾಠ ಮಾಡಿಕೊಳ್ಳುವುದಕ್ಕಾಗಿ ಮಾಡಿದ ವ್ಯವಸ್ಥೆ. ಇಂದು ಹೈಸ್ಕೂಲ್ ಬಾಸ್ಕೆಟ್‌ಬಾಲ್ ತಂಡಗಳಲ್ಲೂ ಅದರ ಬಳಕೆ ಎಷ್ಟು ವ್ಯಾಪಕವಾಗಿದೆಯೆಂದರೆ, ಯಾವುದಾದರೂ ಶಾಲೆಯ ಕೋಚ್‌ಗೆ ಫೋನ್ ಮಾಡಿ ಒಬ್ಬ ಹುಡುಗನ ಬಗ್ಗೆ ಕೇಳಿದರೆ ಅವರು ಹಡಲ್ ಲಿಂಕ್ ಕಳಿಸುತ್ತಾರೆಂದೇ ನಾವು ಎಣಿಸಿಕೊಂಡಿರುತ್ತೇವೆ. ಚಂದಾ ಹಣವನ್ನು ಶಾಲೆಯ ತಂಡ ಕಟ್ಟುತ್ತದೆ. ಆ ತಂಡದಲ್ಲಿರುವ ಹುಡುಗನಿಗೆ ತನ್ನದೇ ಖಾತೆ ಸಿಗುತ್ತದೆ, ಅದರಲ್ಲಿ ಅವನು ತನ್ನ ಎತ್ತರ, ತೂಕ, ಓದಿನ ಅಂಕಗಳನ್ನು ನಮೂದಿಸಿ ಹೈಲೈಟ್‌ಗಳನ್ನು ತಾನೇ ಜೋಡಿಸಿಕೊಳ್ಳಬಹುದು. ಕ್ಲಿಪ್‌ನ ಆರಂಭದಲ್ಲಿ ಆಟಗಾರನ ಸುತ್ತ ಒಂದು ಗುರುತು ಮೂಡಿಸಿ ನೋಡುವವರಿಗೆ ಇವನೇ ಎಂದು ತೋರಿಸುವ ಸೌಲಭ್ಯ ಸಣ್ಣದೆನಿಸಿದರೂ, ಒಂದೇ ಬಣ್ಣದ ಜರ್ಸಿ ತೊಟ್ಟ ಐವರ ನಡುವೆ ಮಸುಕಾದ ಸಂಖ್ಯೆಯನ್ನು ಹುಡುಕಿದವರಿಗೆ ಅದರ ಬೆಲೆ ಗೊತ್ತು.

ನನ್ನ ಪಾಲಿಗೆ ಇದರ ನಿಜವಾದ ಶಕ್ತಿ ಇರುವುದು ಹಡಲ್ ಅಸಿಸ್ಟ್ ಎಂಬ ಹೆಚ್ಚುವರಿ ಸೇವೆಯಲ್ಲಿ. ತಂಡ ಪಂದ್ಯದ ವಿಡಿಯೊ ಕಳಿಸಿದರೆ, ಹಡಲ್‌ನ ವಿಶ್ಲೇಷಕರು ಅದನ್ನು ನೋಡಿ ಪ್ರತಿಯೊಂದು ಶಾಟ್, ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಅಸಿಸ್ಟ್ (ಅಂಕಕ್ಕೆ ದಾರಿಮಾಡುವ ಪಾಸ್), ಟರ್ನೋವರ್‌ಗೆ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು) ಗುರುತು ಹಾಕಿ, ಸಾಮಾನ್ಯವಾಗಿ ಒಂದು ದಿನದೊಳಗೆ ಮರಳಿಸುತ್ತಾರೆ. ಆಮೇಲೆ ಅಂಕಿಯ ಮೇಲೆ ಒತ್ತಿದರೆ ಆ ಅಂಕಿಗೆ ಕಾರಣವಾದ ಕ್ಲಿಪ್‌ಗಳು ಸಾಲಾಗಿ ಬರುತ್ತವೆ. ಹುಡುಗನೊಬ್ಬ ಒಂದು ಪಂದ್ಯದಲ್ಲಿ ಆರು ಟರ್ನೋವರ್ ಮಾಡಿದ್ದರೆ ಅಂಕಪಟ್ಟಿ ಅಷ್ಟನ್ನು ಮಾತ್ರ ಹೇಳುತ್ತದೆ. ಕ್ಲಿಪ್ ನೋಡಿದರೆ, ಅವುಗಳಲ್ಲಿ ನಾಲ್ಕು ಸರಿಯಾದ ಜಾಗಕ್ಕೆ ಸರಿಯಾದ ಸಮಯದಲ್ಲಿ ಕೊಟ್ಟ ಪಾಸ್‌ಗಳೆಂದೂ, ಹಿಡಿಯಬೇಕಾದ ಜೊತೆಗಾರ ಸಿದ್ಧನಿರಲಿಲ್ಲವೆಂದೂ ತಿಳಿಯಬಹುದು. ತಂಡದ ಆಟವನ್ನು ನಡೆಸುವ ಅಂಥ ಪಾಯಿಂಟ್ ಗಾರ್ಡ್‌ನನ್ನು ನಾನು ಎರಡನೆಯ ಸಲ ನೋಡದೆ ಬಿಡುವುದಿಲ್ಲ. ಎಲ್ಲೆಲ್ಲಿಂದ ಶಾಟ್ ಹಾಕಿದ ಎಂದು ತೋರಿಸುವ ಶಾಟ್ ಚಾರ್ಟ್‌ನಿಂದಲೂ ಹೀಗೆಯೇ ಲಾಭವಿದೆ, ಆದರೆ ಅದನ್ನು ಓದುವಾಗ ಒಂದು ಎಚ್ಚರ ಬೇಕು. ಆಚೆಯಿಂದ ಹಾಕಿದರೆ ಮೂರು ಅಂಕ ಸಿಗುವ ಥ್ರೀ ಪಾಯಿಂಟ್ ಗೆರೆ ಹೈಸ್ಕೂಲ್‌ನಲ್ಲಿ 19 ಅಡಿ 9 ಇಂಚು ದೂರದಲ್ಲಿದೆ. ಪುರುಷರ ಕಾಲೇಜು ಆಟದಲ್ಲಿ ಅದು 22 ಅಡಿ 1¾ ಇಂಚು. ಹುಡುಗ ಹೈಸ್ಕೂಲ್ ಗೆರೆಗೆ ಬೆರಳು ತಾಗುವಂತೆ ನಿಂತು ಹಾಕುತ್ತಿದ್ದಾನೋ, ಅಥವಾ ಅದರಿಂದ ಎರಡು ಹೆಜ್ಜೆ ಹಿಂದೆ ನಿಂತು ಅದೇ ಸಲೀಸಿನಿಂದ ಹಾಕುತ್ತಿದ್ದಾನೋ ಎಂಬುದು ಶೇಕಡಾವಾರು ಅಂಕಿಯಲ್ಲಿ ಕಾಣುವುದಿಲ್ಲ, ವಿಡಿಯೊದಲ್ಲಿ ಕಾಣುತ್ತದೆ. ಫೌಲ್ ಆದಾಗ ಅಡ್ಡಿಯಿಲ್ಲದೆ ಶಾಟ್ ಹಾಕುವ ಫ್ರೀ ಥ್ರೋ ಗೆರೆ ಎಲ್ಲ ಹಂತದಲ್ಲೂ 15 ಅಡಿಯೇ ಆದ್ದರಿಂದ, ಶೂಟಿಂಗ್ ಬಗ್ಗೆ ಸಂಶಯ ಬಂದಾಗ ನಾನು ಮೊದಲು ಹೋಗುವುದು ಆ ಕ್ಲಿಪ್‌ಗಳಿಗೆ. ಅಲ್ಲಿ ಕೈಯ ಚಲನೆ ಪ್ರತಿ ಸಲವೂ ಒಂದೇ ಆಗಿದ್ದರೆ ದೂರದ ಶಾಟ್ ಮುಂದೆ ಬಂದೀತು ಎಂಬ ಭರವಸೆ ಹುಟ್ಟುತ್ತದೆ.

ಪೂರ್ತಿ ಪಂದ್ಯ ಸಿಕ್ಕಾಗ ನಾನು ನೋಡುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಸೇವೆಯ ಮೌಲ್ಯ ಅಲ್ಲಿಯೇ ಇದೆ. ಮೊದಲ ಸುತ್ತಿನಲ್ಲಿ ಹುಡುಗನ ಕೈಯಲ್ಲಿ ಚೆಂಡಿಲ್ಲದ ಹೊತ್ತನ್ನು ಮಾತ್ರ ಗಮನಿಸುತ್ತೇನೆ. ತನ್ನ ತಂಡ ಚೆಂಡು ಕಳೆದುಕೊಂಡ ಕ್ಷಣದಲ್ಲಿ ಅವನ ಮೊದಲ ಮೂರು ಹೆಜ್ಜೆ ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತವೆ; ಶಾಟ್ ಏರಿದಾಗ ಚೆಂಡನ್ನು ನೋಡುತ್ತ ನಿಲ್ಲುತ್ತಾನೋ, ಎದುರಾಳಿಯ ಮೈಗೆ ಮೈ ಕೊಟ್ಟು, ಅವನು ಬುಟ್ಟಿಯ ಕಡೆ ಬರದಂತೆ ತಡೆದು ಬಾಕ್ಸ್ ಔಟ್ ಮಾಡುತ್ತಾನೋ; ಜೊತೆಗಾರನನ್ನು ದಾಟಿ ಎದುರಾಳಿ ಒಳನುಗ್ಗಿದಾಗ ತನ್ನ ಆಟಗಾರನನ್ನು ಬಿಟ್ಟು ಹೆಲ್ಪ್‌ಗೆ ಬರುವ ನಿರ್ಧಾರವನ್ನು ಸಮಯಕ್ಕೆ ಸರಿಯಾಗಿ ಮಾಡುತ್ತಾನೋ. ಎರಡನೆಯ ಸುತ್ತಿನಲ್ಲಿ ಪಿಕ್ ಅಂಡ್ ರೋಲ್‌ಗಳನ್ನಷ್ಟೇ (ಜೊತೆಗಾರ ಡಿಫೆಂಡರ್‌ಗೆ ಅಡ್ಡ ನಿಂತು, ಆಮೇಲೆ ಬುಟ್ಟಿಯ ಕಡೆ ಓಡುವ ಜೋಡಿ ಆಟ) ತೆಗೆದುಕೊಂಡು, ಎರಡನೆಯ ಡಿಫೆಂಡರ್ ಮೇಲೆ ಬಂದಾಗ ಏನು ಮಾಡಿದ, ಹಿಂದೆ ಸರಿದಾಗ ಏನು ಮಾಡಿದ, ಎಡಗೈಯಿಂದ ಪಾಸ್ ಕೊಡಬಲ್ಲನೇ ಎಂದು ನೋಡುತ್ತೇನೆ. ಸೋತ ಪಂದ್ಯ, ಅದರಲ್ಲೂ ತಮಗಿಂತ ಬಲವಾದ ತಂಡದ ಎದುರು ಸೋತ ಪಂದ್ಯ ಸಿಕ್ಕರೆ ಅದನ್ನೇ ಮೊದಲು ತೆರೆಯುತ್ತೇನೆ. 30 ಅಂಕಗಳಿಂದ ಗೆದ್ದ ಪಂದ್ಯದಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಇನ್ನೊಂದು ವಿಷಯವನ್ನು ಹೊಸಬರು ಮರೆಯುತ್ತಾರೆ. ಹೈಸ್ಕೂಲ್ ಪಂದ್ಯ ಹೆಚ್ಚಿನ ರಾಜ್ಯಗಳಲ್ಲಿ 32 ನಿಮಿಷದ್ದು, 35 ಸೆಕೆಂಡುಗಳೊಳಗೆ ಶಾಟ್ ಹಾಕಲೇಬೇಕೆನ್ನುವ ಶಾಟ್ ಕ್ಲಾಕ್ ಅಳವಡಿಸಿಕೊಳ್ಳಲು ರಾಜ್ಯಗಳಿಗೆ ರಾಷ್ಟ್ರೀಯ ನಿಯಮಗಳ ಅನುಮತಿ ಸಿಕ್ಕಿದ್ದೇ 2022–23ರ ಋತುವಿನಿಂದ, ಮತ್ತು ಎಲ್ಲ ರಾಜ್ಯಗಳೂ ಅದನ್ನು ಒಪ್ಪಿಕೊಂಡಿಲ್ಲ. 30 ಸೆಕೆಂಡುಗಳ ಗಡಿಯಾರದ ಕೆಳಗೆ 40 ನಿಮಿಷ ಆಡುವ ಕಾಲೇಜು ಆಟಕ್ಕೆ ಒಬ್ಬ ಹುಡುಗ ಒಗ್ಗುತ್ತಾನೆಯೇ ಎಂಬುದನ್ನು, ಗಡಿಯಾರವೇ ಇಲ್ಲದ ರಾಜ್ಯದ ವಿಡಿಯೊದಲ್ಲಿ, ಅವನು ಎಷ್ಟು ಬೇಗ ನಿರ್ಧಾರ ಮಾಡುತ್ತಾನೆ ಎಂಬುದರಿಂದ ಊಹಿಸಬೇಕಾಗುತ್ತದೆ.

ಹೈಲೈಟ್‌ಗಳ ವಿಷಯಕ್ಕೆ ಬಂದರೆ ನನ್ನ ಅಸಮಾಧಾನ ಗಂಭೀರವಾದದ್ದು. ಹಡಲ್‌ನ ವ್ಯವಸ್ಥೆ ಹೈಲೈಟ್ ಕತ್ತರಿಸಿ ಹಂಚುವುದನ್ನು ಅತ್ಯಂತ ಸುಲಭ ಮಾಡಿದೆ, ಮತ್ತು ಹದಿನಾರು ಹದಿನೇಳರ ವಯಸ್ಸಿನ ಹುಡುಗರು ತಮ್ಮ ಆಟವೆಂದರೆ ಆ ಎರಡು ನಿಮಿಷವೇ ಎಂದು ನಂಬುವಂತಾಗಿದೆ. ಡಂಕ್ ಇರುತ್ತದೆ, ಬ್ಲಾಕ್ ಇರುತ್ತದೆ, ಗಡಿಯಾರ ಮುಗಿಯುವಾಗ ಬಿದ್ದ ದೂರದ ಶಾಟ್ ಇರುತ್ತದೆ. ತಪ್ಪಿದ ಶಾಟ್ ಒಂದೂ ಇರುವುದಿಲ್ಲ. ಬ್ಲಾಕ್ ಆದ ಚೆಂಡು ಎದುರಾಳಿಗೇ ಮರಳಿ ಸಿಕ್ಕಿತೇ ಎಂದು ತಿಳಿಯುವ ಮೊದಲೇ ಕ್ಲಿಪ್ ಮುಗಿದಿರುತ್ತದೆ. ಹೈಲೈಟನ್ನು ನಾನು ಬಳಸುವುದು ಒಂದೇ ಕೆಲಸಕ್ಕೆ, ಪೂರ್ತಿ ಪಂದ್ಯ ನೋಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ. ಎತ್ತರದ ವಿಷಯವೂ ಹೀಗೆಯೇ. ಖಾತೆಯಲ್ಲಿ ನಮೂದಾದ ಎತ್ತರವನ್ನು ಯಾರೂ ಅಳತೆಪಟ್ಟಿ ಹಿಡಿದು ಪರೀಕ್ಷಿಸಿರುವುದಿಲ್ಲವಾದ್ದರಿಂದ, ರೆಫರಿಯ ಪಕ್ಕ ನಿಂತ ಅಥವಾ ಎತ್ತರ ಗೊತ್ತಿರುವ ಎದುರಾಳಿಯ ಪಕ್ಕ ನಿಂತ ದೃಶ್ಯವನ್ನು ಹುಡುಕಿ ಹೋಲಿಸಿ ನೋಡುವುದು ಒಳ್ಳೆಯದು.

ಪೂರ್ತಿ ಪಂದ್ಯದ ವಿಡಿಯೊಗೂ ಮಿತಿಯಿದೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಕೈ ಕ್ಯಾಮೆರಾ ಹಿಡಿದ ವಿದ್ಯಾರ್ಥಿಯೋ ಪಾಲಕರೋ ಉತ್ಸಾಹದಲ್ಲಿ ಹತ್ತಿರದ ನೋಟಕ್ಕೆ ಹೋದಾಗ ಉಳಿದ ಎಂಟು ಜನ ಚೌಕಟ್ಟಿನಿಂದ ಹೊರಗಾಗುತ್ತಾರೆ. ಹಡಲ್‌ನ ಫೋಕಸ್ ಎಂಬ ಸ್ವಯಂಚಾಲಿತ ಕ್ಯಾಮೆರಾ ಗೋಡೆಗೆ ಅಳವಡಿಸಿರುವ ಶಾಲೆಗಳ ವಿಡಿಯೊ ಈ ದೃಷ್ಟಿಯಿಂದ ಬಹಳ ಮೇಲು, ಅಂಗಣ ಒಂದೇ ಎತ್ತರದಿಂದ ಒಂದೇ ಅಳತೆಯಲ್ಲಿ ಕಾಣುತ್ತದೆ. ಆದರೂ ಬದಲಿಯಾಗಿ ಹೊರಬಂದ ಹುಡುಗ ಬೆಂಚಿನಲ್ಲಿ ಹೇಗೆ ಕುಳಿತ, ಟೈಮ್ ಔಟ್‌ನಲ್ಲಿ ಕೋಚ್ ಮಾತಾಡುವಾಗ ಅವನ ಕಣ್ಣು ಎಲ್ಲಿತ್ತು, ಡಿಫೆನ್ಸ್‌ನಲ್ಲಿ ಜೊತೆಗಾರರನ್ನು ಕೂಗಿ ಎಚ್ಚರಿಸುತ್ತಾನೆಯೇ ಎಂಬುದು ಯಾವ ಕ್ಯಾಮೆರಾದಲ್ಲೂ ಸರಿಯಾಗಿ ಸಿಗದು. ಅದಕ್ಕೆ ಅಂಗಣಕ್ಕೇ ಹೋಗಬೇಕು. 2016ರ ಬೇಸಿಗೆಯಲ್ಲಿ ಮರ್ರಿ ಸ್ಟೇಟ್ ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಕೋಚ್ ಜೇಮ್ಸ್ ಕೇನ್ ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಬೇರೊಬ್ಬ ಹುಡುಗನನ್ನು ನೋಡಲು ಹೋಗಿದ್ದರು. ತಿನ್ನಲು ಏನಾದರೂ ಕೊಳ್ಳೋಣವೆಂದು ಎದ್ದು ಹೋದಾಗ ಪಕ್ಕದ ಚಿಕ್ಕ ಜಿಮ್‌ನಲ್ಲಿ ಚೆಂಡು ಪುಟಿಯುವ ಸದ್ದು ಕೇಳಿ ಒಳಗೆ ಹೋಗಿ ನೋಡಿದರು. ಅಲ್ಲಿ ಮೂರು ಮೂರು ಜನರ ಆಟದಲ್ಲಿದ್ದವರು ಜಾ ಮೊರಾಂಟ್. ರಾಷ್ಟ್ರೀಯ ರ‍್ಯಾಂಕಿಂಗ್‌ಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಆ ಹುಡುಗ ಮರ್ರಿ ಸ್ಟೇಟ್‌ಗೆ ಆಡಿ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 2019ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದರು.

ಬೇರೆ ಸೇವೆಗಳ ಜೊತೆ ಹೋಲಿಕೆ ಮಾಡುವುದಾದರೆ, 2021ರಿಂದ ಸ್ಪೋರ್ಟ್‌ರಾಡಾರ್ ಕಂಪನಿಯ ಒಡೆತನದಲ್ಲಿರುವ ಸಿನರ್ಜಿ ಎಂಬ ವಿಡಿಯೊ ಸೇವೆ ಕಾಲೇಜು ಮತ್ತು ವೃತ್ತಿಪರ ಪಂದ್ಯಗಳ ವಿಶ್ಲೇಷಣೆಯಲ್ಲಿ ಹೆಚ್ಚು ಆಳವಾದದ್ದು; ಸಾಧಾರಣ ಊರಿನ ಹೈಸ್ಕೂಲ್ ತಂಡದ ಪಂದ್ಯ ಬೇಕಾದಾಗ ನಾನು ಹಡಲ್‌ಗೇ ಮರಳುತ್ತೇನೆ. 247 ಸ್ಪೋರ್ಟ್ಸ್‌ನಂಥ ಜಾಲತಾಣಗಳ ನಕ್ಷತ್ರಗಳ ರ‍್ಯಾಂಕಿಂಗ್ ದೇಶದ ಮೇಲ್ತುದಿಯ ಹುಡುಗರಿಗಷ್ಟೇ ಸಂಬಂಧಿಸಿದ್ದು, ನಮ್ಮ ಕೆಲಸಕ್ಕೆ ಅದರಿಂದ ಹೆಚ್ಚೇನೂ ಆಗದು. ಮುದ್ರಿತ ವರದಿಗಳನ್ನು ಮಾರುವ ಸ್ಕೌಟಿಂಗ್ ಸೇವೆಗಳ ಬಗ್ಗೆ ಎನ್‌ಸಿಎಎ ಡಿವಿಷನ್ 1ಕ್ಕೆ ಕಟ್ಟುನಿಟ್ಟಿನ ನಿಯಮವಿದೆ. ದರ ಎಲ್ಲರಿಗೂ ಒಂದೇ ಆಗಿರಬೇಕು, ಬಹಿರಂಗವಾಗಿರಬೇಕು, ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಮಾಹಿತಿ ಕೊಡಬೇಕು, ಮತ್ತು ಹೆಸರು, ಎತ್ತರ, ರ‍್ಯಾಂಕಿಂಗ್ ಮೀರಿದ ವಿಶ್ಲೇಷಣೆ ಪ್ರತಿ ಆಟಗಾರನ ಬಗ್ಗೆಯೂ ಇರಬೇಕು. ಈ ಕೊನೆಯ ಷರತ್ತನ್ನು ಪಾಲಕರಿಂದ ಹಣ ಪಡೆಯುವ ಸಂಸ್ಥೆಗಳಿಗೂ ಯಾರಾದರೂ ಅನ್ವಯಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ. ಅಂಥ ಒಂದು ಸಂಸ್ಥೆಯಿಂದ ನನಗೆ ಬರುವ ಮಿಂಚಂಚೆಗಳಲ್ಲಿ ಹುಡುಗನ ಹೆಸರು ಬದಲಾಗುತ್ತದೆ, ಉಳಿದ ವಾಕ್ಯಗಳು ಹಾಗೆಯೇ ಇರುತ್ತವೆ. ಮಗನ ಭವಿಷ್ಯಕ್ಕೆಂದು ದೊಡ್ಡ ಮೊತ್ತ ತೆತ್ತ ತಂದೆತಾಯಿಗಳನ್ನು ನೆನೆದರೆ ಬೇಸರವಾಗುತ್ತದೆ.

ಇತ್ತೀಚಿನ ಬದಲಾವಣೆಯೊಂದು ಹಡಲ್‌ನ ಉಪಯೋಗವನ್ನು ಇನ್ನಷ್ಟು ಹೆಚ್ಚಿಸಿದೆ. 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ಸೇರುವ ಪಟ್ಟಿ) ಮತ್ತು 2021ರಲ್ಲಿ ಸಡಿಲಗೊಂಡ ವರ್ಗಾವಣೆ ನಿಯಮದ ನಂತರ ಡಿವಿಷನ್ 1ರ ಅನೇಕ ಕೋಚ್‌ಗಳು ಹದಿನೆಂಟರ ಹುಡುಗನಿಗಿಂತ, ಕಾಲೇಜು ಆಟದಲ್ಲಿ ಈಗಾಗಲೇ ಪಳಗಿದ ಇಪ್ಪತ್ತೆರಡರ ಆಟಗಾರನನ್ನು ಇಷ್ಟಪಡುತ್ತಿದ್ದಾರೆ. ಅದರಿಂದ ಹಿಂದೆ ಅವರ ಪಾಲಾಗುತ್ತಿದ್ದ ಹೈಸ್ಕೂಲ್ ಹುಡುಗರು ಈಗ ಕೆಳಹಂತದ ಕಾಲೇಜುಗಳ ಕೈಗೆ ಸಿಗುತ್ತಿದ್ದಾರೆ, ಆದರೆ ಅವರನ್ನು ಸಮಯಕ್ಕೆ ಸರಿಯಾಗಿ ಗುರುತಿಸಬೇಕು.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳೂ ಶಾಲಾ ತಂಡಗಳಲ್ಲಿ ಆಡುತ್ತಿರುವುದರಿಂದ ಪಾಲಕರಿಗಾಗಿ ಕೆಲವು ಮಾತು. ಶಾಲೆಯ ತಂಡಕ್ಕೆ ಹಡಲ್ ಚಂದಾ ಇದ್ದರೆ ಹೊರಗಿನ ಸಂಸ್ಥೆಗೆ ಹಣ ಕೊಡುವ ಮೊದಲು ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಿ. ಹೈಲೈಟ್ ಮೂರು ನಿಮಿಷ ಮೀರದಿರಲಿ. ಅದರಲ್ಲಿ ಡಿಫೆನ್ಸ್ ಮತ್ತು ಪಾಸ್‌ಗಳ ಕ್ಲಿಪ್‌ಗಳೂ ಇರಲಿ. ಹಿನ್ನೆಲೆ ಸಂಗೀತ ಬೇಡ. ಅದರ ಜೊತೆ ಎರಡು ಪೂರ್ತಿ ಪಂದ್ಯಗಳ ಲಿಂಕ್ ಕಳಿಸಿ, ಅವುಗಳಲ್ಲಿ ಒಂದಾದರೂ ಬಲವಾದ ಎದುರಾಳಿಯ ವಿರುದ್ಧ ಆಡಿದ್ದಾಗಿರಲಿ. ಪತ್ರದ ಮೊದಲ ಸಾಲಿನಲ್ಲೇ ಯಾವ ವರ್ಷ ಹೈಸ್ಕೂಲ್ ಮುಗಿಯುತ್ತದೆ, ಜರ್ಸಿಯ ಸಂಖ್ಯೆ ಮತ್ತು ಬಣ್ಣ ಯಾವುದು, ಓದಿನ ಅಂಕಗಳೆಷ್ಟು ಎಂದು ಬರೆಯಿರಿ, ಏಕೆಂದರೆ ಡಿವಿಷನ್ 3ರಲ್ಲಿ ಸಿಗುವ ಆರ್ಥಿಕ ನೆರವು ಓದು ಮತ್ತು ಕುಟುಂಬದ ಆದಾಯವನ್ನು ಅವಲಂಬಿಸಿದೆ. ಪತ್ರವನ್ನು ಮಗನೇ ಬರೆಯಲಿ, ಶಾಲೆಯ ಕೋಚ್‌ನ ಫೋನ್ ಸಂಖ್ಯೆಯನ್ನು ಅವರನ್ನು ಕೇಳಿ ಸೇರಿಸಲಿ. ವಿಡಿಯೊ ಇಷ್ಟವಾದ ತಕ್ಷಣ ನಾವು ಮೊದಲು ಕರೆ ಮಾಡುವುದು ಆ ಸಂಖ್ಯೆಗೆ.